ಮಂಗಳವಾರದ ಕುಂಬಳಕಾಯಿ

ಆದವಾನಿಯಲ್ಲಿ ದೆವ್ವಗಳಿಗೆ ಎಂದೂ ಬರವಿರಲಿಲ್ಲ. ಹುಣಸೆಮರಕ್ಕೊಂದು, ಮುಚ್ಚಿದ ಹತ್ತಿ ಮಿಲ್ಲಿಗೊಂದು ಇದ್ದೇ ಇದ್ದವು. ಆದರೆ ಅವುಗಳಿಗೆ ಶಾಲೆಯಲ್ಲಿ ಹಬ್ಬ ಮಾಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಈ ವರ್ಷ ಪ್ರಿನ್ಸಿಪಾಲ್ ಹೇಮಾವತಿ ಮೇಡಂಗೆ ಹೊಳೆಯಿತು. ದೊಡ್ಡ ಊರುಗಳ ಶಾಲೆಗಳೆಲ್ಲ ಹ್ಯಾಲೋವೀನ್ ಮಾಡುತ್ತವಂತೆ, ನಾವೇನು ಕಡಿಮೆ? ಅಕ್ಟೋಬರ್ ಮೂವತ್ತೊಂದು ಶುಕ್ರವಾರ ಮಕ್ಕಳು ದೆವ್ವದ ವೇಷದಲ್ಲಿ ಬರಬೇಕು, ಹನ್ನೊಂದು ಕುಂಬಳಕಾಯಿಗಳಿಗೆ ಕಣ್ಣು ಬಾಯಿ ಕೊರೆದು ಒಳಗೆ ದೀಪ ಇಡಬೇಕು. ಕೊರೆಯುವ ಕೆಲಸ ಆಯಾ ಲಿಂಗಕ್ಕನ ಪಾಲಿಗೆ ಬಂತು. ಆ ಶಾಲೆಯಲ್ಲಿ ಯಾರಿಗೂ ಬೇಡವಾದ ಕೆಲಸವೆಲ್ಲ ಬರುತ್ತಿದ್ದುದು ಅವಳ ಪಾಲಿಗೇ.

ಲಿಂಗಕ್ಕ ತನ್ನ ಐವತ್ತು ವರ್ಷದಲ್ಲಿ ಇಡೀ ಕುಂಬಳಕಾಯಿಗೆ ಮೊದಲ ಚಾಕು ಹಾಕಿದವಳಲ್ಲ. ಅವರ ಕಡೆ ಹೆಂಗಸರು ಹಾಕುವುದಿಲ್ಲ. ಆ ಕಾಯಿ ಎಂದರೆ ಬಲಿ ಕೊಡುವ ತಲೆ. ಗಂಡಸು ಒಂದು ಗೀರು ಹಾಕಿಕೊಟ್ಟ ಮೇಲೆ ಅದು ಬರೀ ಪಲ್ಯದ ಕಾಯಿ. ಮನೆಯಲ್ಲಿ ಬಸುರಿ ಇದ್ದಾಗ ಈ ಕಟ್ಟಳೆ ಮೀರಿದರೆ ಹೊಟ್ಟೆಯ ಕೂಸಿಗೆ ತಟ್ಟುತ್ತದೆಂದು ಅವಳ ಅವ್ವ ಹೇಳಿದ್ದಳು, ಅವ್ವನಿಗೆ ಅವಳವ್ವ. ಲಿಂಗಕ್ಕನ ಒಬ್ಬಳೇ ಮಗಳು ನಾಗಜ್ಯೋತಿಗೆ ಆಗ ಎಂಟು ತಿಂಗಳು. ನಂದವರಂ ಊರಿಗೆ ಕೊಟ್ಟು ಆರು ವರ್ಷವಾಗಿತ್ತು. ಎರಡು ಬಸಿರು ಇಳಿದುಹೋಗಿ ಮೂರನೆಯದು ಇಲ್ಲಿಯವರೆಗೆ ಬಂದಿತ್ತು. ಇದೂ ದಕ್ಕದಿದ್ದರೆ ಮಗನಿಗೆ ಬೇರೆ ಹೆಣ್ಣು ನೋಡುತ್ತೇನೆಂದು ಬೀಗಿತಿ ಹೂವಮ್ಮ ಬಾಯಿಬಿಟ್ಟೇ ಹೇಳಿದ್ದಳು.

ಹಬ್ಬಕ್ಕೆ ಮೊದಲು, ಮಂಗಳವಾರ, ಮೇಡಂ ಒಂದು ಸಣ್ಣ ಕಾಯಿ ತರಿಸಿದರು. ಮಾದರಿಗೊಂದು ಕೊರೆಸಿ ಪೋಷಕರ ಗ್ರೂಪಿಗೆ ಫೋಟೋ ಹಾಕಬೇಕಿತ್ತು. ವಾಚ್‌ಮನ್ ತಿಪ್ಪೇಶ ಅವತ್ತು ರಜೆ. ಉಳಿದವರೆಲ್ಲ ಹೆಂಗಸರೇ.

“ನಾಳಿ ತಿಪ್ಪೇಶ ಬರ್ತಾನ್ರಿ ಮೇಡಂ. ಅವ ಒಂದು ಗೀರು ಹಾಕ್ಲಿ, ಆಮ್ಯಾಲ ನಾ ಕೊಯ್ತೀನಿ. ಬಸುರಿ ಮಗಳು ಅದಾಳ್ರಿ ನನಗ.”

“ಏನ್ ಲಿಂಗಕ್ಕಾ, ದೆವ್ವದ ಹಬ್ಬಾನೇ ಮಾಡ್ಲಿಕ್ಕತ್ತೀವಿ, ನೀ ಕಾಯಿಗೆ ಹೆದರ್ತಿಯಾ? ಆಗಲ್ಲ ಅಂದ್ರ ಹೇಳು, ಬೇರೆ ಆಯಾನ ನೋಡ್ಕೊಂತೀನಿ.”

ಮೇಡಂ ನಗುತ್ತಲೇ ಹೇಳಿದರು. ನಗುತ್ತ ಹೇಳಿದ ಮಾತಿಗೇ ಹೆಚ್ಚು ಹೆದರಬೇಕೆಂದು ಲಿಂಗಕ್ಕನಿಗೆ ಗೊತ್ತಿತ್ತು. ಗಂಡನಿಲ್ಲದ ಮನೆ, ಮುಂದೆ ಮಗಳ ಬಾಣಂತನ. ಅವಳು ಊರವರೆಲ್ಲ ನಡೆದುಕೊಳ್ಳುವ ಲಕ್ಷ್ಮಮ್ಮವ್ವನನ್ನು ನೆನೆದು, ಕಾಯಿಗೆ ಹಣೆ ಮುಟ್ಟಿಸಿ, “ತಪ್ಪಾತು ತಾಯಿ” ಎಂದು ಚಾಕು ಇಳಿಸಿದಳು. ತಿರುಳು, ಬೀಜ ಬಗೆದು ತೆಗೆದಳು. ಎರಡು ಕಣ್ಣು, ಒಂದು ಬಾಯಿ. ಫೋಟೋದಲ್ಲಿ ಕಾಯಿ ಮಾತ್ರ ಬಂತು. ಆಮೇಲೆ ಅದನ್ನು ಹಿಂದಿನ ಬೀದಿಯ ಎಮ್ಮೆಗೆ ಹಾಕಿ, ಮೂರು ಸಲ ಸೋಪು ಹಚ್ಚಿ ಕೈ ತೊಳೆದಳು.

ಶುಕ್ರವಾರ ಅವಳು ಕಟ್ಟಳೆ ತಪ್ಪಲಿಲ್ಲ. ಬೆಳಿಗ್ಗೆಯೇ ತಿಪ್ಪೇಶನನ್ನು ಕೂರಿಸಿ ಹನ್ನೊಂದಕ್ಕೂ ಗೀರು ಹಾಕಿಸಿದಳು. “ಇದೇನಕ್ಕಾ, ಸಾಲಿ ಕಾಯೋನ್ನ ಪೂಜಾರಿ ಮಾಡಿಬಿಟ್ಟಿ” ಎಂದು ಅವನು ನಕ್ಕ. ಕಪ್ಪು ಕವರ್ ಸುತ್ತಿಕೊಂಡ ಮಕ್ಕಳು ಕ್ಲಾಸಿನಿಂದ ಕ್ಲಾಸಿಗೆ ಹೋಗಿ ಬಾಗಿಲು ಬಡಿದು ಚಾಕಲೇಟು ಬೇಡಿದರು. ಬುಟ್ಟಿಯಲ್ಲಿ ಜೋಕುಮಾರನನ್ನು ಹೊತ್ತು ಹಾಡುತ್ತ ಮನೆಮನೆ ಬೇಡಲು ಬಂದವರಿಗೆ ಗೇಟು ತೆರೆಯದ ಜನ ಅದನ್ನು ವಿಡಿಯೋ ಮಾಡಿಕೊಂಡರು. ಚಾಕು ಹಿಡಿದು ಕಾಯಿಯ ಮುಂದೆ ಕೂತ ಲಿಂಗಕ್ಕನ ಫೋಟೋ ಕೂಡ ಗ್ರೂಪಿಗೆ ಹೋಯಿತು.

ಮಧ್ಯಾಹ್ನ ಅಳಿಯ ಸುಂಕೇಶ ಫೋನು ಮಾಡಿದ. ನಾಗಜ್ಯೋತಿಯನ್ನು ಆದವಾನಿಯ ಆಸ್ಪತ್ರೆಗೆ ತಂದಿದ್ದರು. ಸ್ಕ್ಯಾನಿನಲ್ಲಿ ಕೂಸಿನ ಎದೆಬಡಿತ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಹೆರಿಗೆ ಮಾಡಿಸಿ ಸತ್ತ ಗಂಡುಕೂಸನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

ಅಷ್ಟರಲ್ಲಿ ಆ ಫೋಟೋ ಕೈಯಿಂದ ಕೈಗೆ ದಾಟಿ ಹೂವಮ್ಮನ ಫೋನಿಗೂ ಬಂದಿತ್ತು.

“ನೋಡ್ರಿ! ಮಗಳು ತುಂಬಿದ ಬಸುರಿ, ಈಕಿ ಕುಂಬಳಕಾಯಿ ಕಡೀಲಿಕ್ಕತ್ಯಾಳ. ನನ್ನ ವಂಶಾನ ಕಡದ್ಲು.”

“ತಿಪ್ಪೇಶ ಗೀರು ಹಾಕಿದ್ದರಿ, ಹನ್ನೊಂದಕ್ಕೂ ಹಾಕಿದ್ದ. ಬೇಕಾದ್ರ ಅವನ್ನ ಕೇಳ್ರಿ...”

ಯಾರೂ ಕೇಳಲಿಲ್ಲ. ನಾಗಜ್ಯೋತಿ ಗೋಡೆಯ ಕಡೆ ಹೊರಳಿದಳು, ಅವ್ವನ ಕೈ ಮೈಗೆ ತಾಗಗೊಡಲಿಲ್ಲ.

ಗಲಾಟೆ ಕೇಳಿ ಡಾಕ್ಟರ್ ಶಿರೀಷಾ ಒಳಗೆ ಬಂದರು. ಫೋಟೋ ನೋಡಿದರು. “ಈ ಫೋಟೋ ನಿನ್ನಿ ತಗದದ್ದು. ಕೂಸು ಹೋಗಿ ನಾಲ್ಕು ದಿನ ಆಗೈತಮ್ಮಾ, ಮಂಗಳವಾರದ ಸುಮಾರಿಗೆ. ಬಿ.ಪಿ. ಏರಿ ಹಂಗಾಗೈತಿ. ಆ ಹೆಣ್ಣುಮಗಳ್ನ ಯಾಕ ಬೈತೀರಿ?”

ಹೂವಮ್ಮ ಫೋನು ಹಿಡಿದು ಹೊರಗೆ ನಡೆದಳು. ಸಿ. ಬೆಳಗಲ್ ಎಂಬ ಊರಿನ ಯಾರದೋ ಮನೆಯ ಹೆಣ್ಣಿನ ವಿಷಯ ಅವಳು ವಿಚಾರಿಸುತ್ತಿದ್ದುದು ಒಳಗಿನವರೆಗೂ ಕೇಳುತ್ತಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಲಿಂಗಕ್ಕ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಡಾಕ್ಟರು ಬಿ.ಪಿ. ಎಂದದ್ದು ಅವಳ ಕಿವಿಗೆ ಬಿದ್ದಿರಲೇ ಇಲ್ಲ, ಮಂಗಳವಾರ ಎಂದದ್ದು ಮಾತ್ರ ಬಿದ್ದಿತ್ತು.

ನಾಗಜ್ಯೋತಿ ಈಚೆ ಹೊರಳಿ, ಸೆರಗಿನೊಳಗಿನ ಆ ಕೈಯನ್ನೇ ಹುಡುಕಿ ತೆಗೆದು ಕೆನ್ನೆಯ ಕೆಳಗೆ ಇಟ್ಟುಕೊಂಡಳು.

“ಸುಮ್ನ ನಿನ್ನ ಮ್ಯಾಲ ಸಿಟ್ಟು ಮಾಡಿದ್ನವ್ವಾ. ನಿಂದೇನೂ ತಪ್ಪಿಲ್ಲ. ಮಂಗಳವಾರ ಮಧ್ಯಾಹ್ನದಿಂದ ಹೊಟ್ಯಾಗ ಅದು ಹೊರಳಿರಲಿಲ್ಲ. ನಿನಗ ಫೋನ್ ಮಾಡಿ ಕೇಳ್ಬೇಕಂದೆ. ಸಾಲ್ಯಾಗ ಕೆಲಸದಾಗ ಇರ್ತಿಯೇನೋ ಅಂತ ಬಿಟ್ಟೆ.”

“ಇಲ್ಲವ್ವಾ,” ಎಂದಳು ಲಿಂಗಕ್ಕ. “ಅವತ್ತು ನನಗೇನೂ ಕೆಲಸ ಇರಲಿಲ್ಲ.”