ಎರವಲು ಬೆರಳು

ನಮ್ಮಣ್ಣ ಹಿಮಾಲಯ ಹತ್ತಲು ಹೊರಟ ದಿನದಿಂದ ನನ್ನ ತಲೆ ಚಿಟ್ಟು ಹಿಡಿದಿದೆ. ಹೊರಟ ದಿನ ಎಂದರೆ ವಿಮಾನ ಹತ್ತಿದ ದಿನವಲ್ಲ. ಅದಕ್ಕೂ ಒಂದೂವರೆ ವರ್ಷ ಮುಂಚೆ, ನಾವಿಬ್ಬರೂ ಸೇರಿ ನಡೆಸುವ ಕನ್ನಡಕದ ಅಂಗಡಿಗೆ ಅವನು ಮಂಜಿನ ಬೂಟು ಹಾಕಿಕೊಂಡು ಬಂದ ದಿನ. ಒಂದೊಂದು ಬೂಟೂ ಒಂದೊಂದು ಬಕೆಟ್ಟಿನಷ್ಟಿತ್ತು. ಹೊಸ ಬೂಟು ಕಾಲಿಗೆ ಒಗ್ಗಬೇಕಂತೆ! ಐವತ್ತಾರು ವರ್ಷದ ಮನುಷ್ಯ, ಕಣ್ಣು ಪರೀಕ್ಷೆ ಮಾಡುವವನು, ಟೈಲ್ಸ್ ಒಡೆಯುವ ಹಾಗೆ ಧಪ್ ಧಪ್ ಎಂದು ಓಡಾಡುತ್ತಿದ್ದರೆ ಬಂದ ಗಿರಾಕಿಗಳು ಫ್ರೇಮು ನೋಡುತ್ತಾರೋ, ಇವನ ಕಾಲು ನೋಡುತ್ತಾರೋ?

ಆಮೇಲೆ ಮೆಟ್ಟಿಲು ಶುರುವಾಯಿತು. ನಮ್ಮ ಅಂಗಡಿ ಇರುವ ಕಟ್ಟಡಕ್ಕೆ ಆರು ಮಹಡಿ. ಲಿಫ್ಟು ಇದೆ, ಕೆಟ್ಟೂ ಇಲ್ಲ. ನಮ್ಮ ದೊರೆಗೆ ಅದು ಬೇಡ. ಬೆನ್ನಿಗೆ ದೊಡ್ಡ ಚೀಲ, ಅದರೊಳಗೆ ಯಾರೂ ಕೇಳದೆ ಉಳಿದ ಹಳೇ ಗಾಜಿನ ಲೆನ್ಸುಗಳ ಪೆಟ್ಟಿಗೆಗಳು. ಬೆಳಿಗ್ಗೆ ಹತ್ತಿ ಇಳಿಯುವುದು, ಸಂಜೆ ಹತ್ತಿ ಇಳಿಯುವುದು. ಅತ್ತಿಗೆ ಕಂಗಾಲಾದರು. ಕಂಗಾಲಾದವರು ಗಂಡನನ್ನು ತಡೆಯಬೇಕಲ್ಲವೇ? ಇಲ್ಲ. "ಎಲ್ಲಾದ್ರೂ ಬಿದ್ದುಗಿದ್ದಾರು, ನೀನು ಹಿಂದೆ ಇದ್ರೆ ನಂಗೆ ಧೈರ್ಯ ಕಣೆ" ಎಂದು ನನ್ನನ್ನು ಅಟ್ಟಿದರು. ನನಗೆ ಗಂಡನಿಲ್ಲ, ಮಕ್ಕಳಿಲ್ಲ, ಆದ್ದರಿಂದ ಸದಾ ಬಿಡುವಿರುತ್ತದೆ ಎಂಬುದು ಮನೆಮಂದಿಯೆಲ್ಲ ಸೇರಿ ಎಂದೋ ಮಾಡಿಕೊಂಡ ತೀರ್ಮಾನ. ಬೀಳುವವನನ್ನು ಹಿಡಿಯಲೆಂದು ನಾನೂ ಅವನ ಹಿಂದೆ ಹತ್ತಿದೆ, ಇಳಿದೆ. ಕೊನೆಗೆ, ಗೈಡುಗಳು ಕರೆದುಕೊಂಡು ಹೋಗುವ ತಂಡಕ್ಕೆ ಹೆಸರು ಕೊಡುವಾಗ ಅತ್ತಿಗೆ ನನ್ನ ಹೆಸರನ್ನೂ ಸೇರಿಸಿಬಿಟ್ಟಿದ್ದರು. "ನಿನ್ನ ಮಾತಾದ್ರೆ ಅವರು ಕೇಳ್ತಾರೆ" ಎಂದರು. ಅವನು ನನ್ನ ಮಾತು ಕೇಳಿದ್ದನ್ನು ಈ ಜನ್ಮದಲ್ಲಿ ನಾನಂತೂ ನೋಡಿಲ್ಲ.

"ಯಾಕಣ್ಣ ಬೇಕು ನಿನಗೆ ಇದೆಲ್ಲ?" ಎಂದು ಒಂದು ದಿನ ಕೇಳಿಯೇ ಬಿಟ್ಟೆ.

ಅವನು ಪರೀಕ್ಷೆ ಮಾಡುವ ಕೋಣೆಯ ಕಡೆ ಕೈ ತೋರಿಸಿದ. ಅಕ್ಷರದ ಪಟ್ಟಿಯನ್ನು ಆರು ಮೀಟರ್ ದೂರದಿಂದ ಓದಿಸಬೇಕು ಎಂಬುದು ನಿಯಮ. ನಮ್ಮ ಕೋಣೆಯ ಉದ್ದ ಅದರ ಅರ್ಧ. ಹಾಗಾಗಿ ಪಟ್ಟಿಯನ್ನು ಕುರ್ಚಿಯ ಹಿಂದೆ, ಕೂತವರ ತಲೆಯ ಮೇಲುಗಡೆ ತೂಗುಹಾಕಿ ಎದುರು ಗೋಡೆಗೆ ಕನ್ನಡಿ ಬಡಿದಿದ್ದೇವೆ. ಕನ್ನಡಿಯಲ್ಲಿ ನೋಡಿದರೆ ದೂರ ದುಪ್ಪಟ್ಟಾಗುತ್ತದೆ.

"ಮೂವತ್ತು ವರ್ಷದಿಂದ ಈ ಕತ್ತಲೆ ಗೂಡಲ್ಲಿ ಕೂತಿದೀನಿ ಪುಟ್ಟಿ. ದೂರ ಅನ್ನೋದನ್ನ ನಾನು ಕನ್ನಡಿಯಲ್ಲೇ ನೋಡಿದ್ದು. ಒಂದೇ ಒಂದು ಸಲ ನಿಜವಾದ ದೂರ ನೋಡ್ಬೇಕು. ಮೇಲೆ ನಿಂತು."

ಐವತ್ತು ದಾಟಿದವಳನ್ನು ಇನ್ನೂ ಪುಟ್ಟಿ ಎನ್ನುವವನಿಗೆ ಏನು ಹೇಳುವುದು? ದೂರ ನೋಡಬೇಕಾದರೆ ಆರನೇ ಮಹಡಿಯ ತಾರಸಿ ಸಾಕಲ್ಲ ಎಂದೆ. ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಬೇಸ್ ಕ್ಯಾಂಪಿನ ಬದುಕು ಯಾರಿಗೂ ಬೇಡ. ಕಲ್ಲಿನ ಮೇಲೆ ಟೆಂಟು, ಕಲ್ಲಿನ ಕೆಳಗೆ ಮಂಜುಗಡ್ಡೆ. ಒದ್ದೆ ಕಾಲುಚೀಲ ಒಣಗಬೇಕೆಂದರೆ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಹೊಟ್ಟೆಯ ಹತ್ತಿರ ಇಟ್ಟುಕೊಂಡು ಮಲಗಬೇಕು. ಅವನದನ್ನೂ ನಾನೇ ಇಟ್ಟುಕೊಳ್ಳುತ್ತಿದ್ದೆ, ಏಕೆಂದರೆ ಆ ವಾಸನೆ ಅವನಿಗೆ ಆಗುವುದಿಲ್ಲವಂತೆ. ಅವನದೇ ಕಾಲಿನ ವಾಸನೆ! ಮೇಲಿನ ಕ್ಯಾಂಪಿಗೆ ಹತ್ತಿ, ಅಲ್ಲಿ ಒಂದು ರಾತ್ರಿ ಮಲಗಿ, ಮತ್ತೆ ಇಳಿದು ಬರುವುದೇ ಅಲ್ಲಿನ ಕೆಲಸ. ತೆಳು ಗಾಳಿಗೆ ಮೈ ಒಗ್ಗಲಿ ಎಂದು ಹೀಗೆ ಮಾಡಿಸುತ್ತಾರೆ. ಹತ್ತಿದ್ದನ್ನೆಲ್ಲ ಇಳಿಯುವುದಾದರೆ ಹತ್ತುವುದೇಕೆ ಎಂದು ಗೈಡನ್ನು ಕೇಳಿದೆ. ಅವನು ಆ ಬೆಟ್ಟಗಳಲ್ಲೇ ಬೆಳೆದ, ಮಾತು ಕಡಿಮೆಯ ಮನುಷ್ಯ. ನಕ್ಕುಬಿಟ್ಟ.

ದಿನಾ ಬೆಳಿಗ್ಗೆ ಗೈಡು ಬಟ್ಟೆ ಕ್ಲಿಪ್ಪಿನಂಥ ಒಂದು ಪುಟ್ಟ ಯಂತ್ರವನ್ನು ನಮ್ಮ ಟೆಂಟಿನೊಳಗೆ ಚಾಚಿ, ಪಕ್ಕದ ಟೆಂಟುಗಳಿಗೆ ಬಿಸಿನೀರು ಕೊಡಲು ಹೋಗುತ್ತಿದ್ದ. ಅದನ್ನು ಬೆರಳಿಗೆ ಸಿಕ್ಕಿಸಿಕೊಂಡರೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ನಂಬರು ತೋರಿಸುತ್ತದೆ. ನಾವು ಒಳಗಿಂದ ಕೂಗಿ ಹೇಳಬೇಕು. "ಎಪ್ಪತ್ತಕ್ಕಿಂತ ಕೆಳಗೆ ಬಂದವರು ಹತ್ತೋ ಹಾಗಿಲ್ಲ, ಇಳಿಯೋದೇ" ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದ.

ಅಣ್ಣನ ನಂಬರು ಯಾವಾಗಲೂ ಭರ್ಜರಿ. ನಾನು ಕಣ್ಣು ಬಿಡುವ ಮುಂಚೆಯೇ "ಎಂಬತ್ತೈದು!" ಎಂದು ಕೂಗಿ ಮುಗಿಸಿರುತ್ತಿದ್ದ. ಎದ್ದು ನಾನು ಹಾಕಿಕೊಂಡರೆ ನನ್ನದೂ ಎಂಬತ್ತೈದು. ಅವನದು ಎಂಬತ್ತೇಳಾದ ದಿನ ನನ್ನದೂ ಎಂಬತ್ತೇಳು. "ಒಂದೇ ರಕ್ತ ಅಲ್ವಾ ಅಕ್ಕ" ಎಂದ ಗೈಡು. ಹೌದಲ್ಲ ಎಂದು ನಾನೂ ನಕ್ಕೆ. ಲೆನ್ಸಿನ ಅಂಚು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಿಡಿಯುವವಳು ನಾನು, ಇದನ್ನು ಹಿಡಿಯಲಿಲ್ಲ.

ಅವನೋ, ಚಹಾವನ್ನು ಲೋಟದ ಪಕ್ಕಕ್ಕೆ ಸುರಿಯುತ್ತಿದ್ದ. ನನ್ನ ಟೋಪಿಯನ್ನು ತನ್ನದೆಂದು ಹಾಕಿಕೊಳ್ಳುತ್ತಿದ್ದ. ಟೆಂಟಿನ ಹಗ್ಗ ಎಡವದ ದಿನವಿಲ್ಲ. "ನೋಡ್ಕೊಂಡು ನಡಿ, ಕಣ್ಣು ಎಲ್ಲಿಟ್ಟಿದೀಯಾ?" ಎಂದು ಬಾಯಿಗೆ ಬಂದಂತೆ ಬೈದೆ. ಶಿಖರದ ಧ್ಯಾನದಲ್ಲಿ ಮೈಮೇಲೆ ಪ್ರಜ್ಞೆ ಇಲ್ಲ ಎಂದುಕೊಂಡಿದ್ದೆ.

ಶಿಖರಕ್ಕೆ ಹೊರಡಬೇಕಾದ ಬೆಳಿಗ್ಗೆ ಜಿಪ್ಪಿನ ಸದ್ದಿಗೆ ಎಚ್ಚರವಾಯಿತು. ನನ್ನದೇ ಬ್ಯಾಗಿನ ಜಿಪ್ಪು. ತಣ್ಣನೆ ಗಾಳಿ ಒಳಗೆ ನುಗ್ಗಿತು. ಅಣ್ಣ ಮೆತ್ತಗೆ ನನ್ನ ಕೈ ಹೊರಗೆಳೆದು, ತೋರುಬೆರಳಿಗೆ ಯಂತ್ರ ಸಿಕ್ಕಿಸಿದ. ನಾನು ಅರೆಗಣ್ಣಿನಲ್ಲಿ ನೋಡುತ್ತ ಮಲಗಿದ್ದೆ. ಅವನು ನನ್ನ ಕೈಯನ್ನು ತನ್ನ ಮೂಗಿನ ತುದಿಯವರೆಗೆ ಎತ್ತಿಕೊಂಡ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. ನಂಬರು ಕೆಂಪಗೆ, ದಪ್ಪಗೆ ಉರಿಯುತ್ತಿತ್ತು. ಮಲಗಿದಲ್ಲಿಂದಲೇ ನನಗೆ ಕಾಣುತ್ತಿತ್ತು. ಅವನಿಗೆ ಕಾಣುತ್ತಿರಲಿಲ್ಲ.

"ಎಂಬತ್ತಾರು" ಎಂದೆ ನಾನೇ.

ಬೆಂಕಿ ಮುಟ್ಟಿದವನ ಹಾಗೆ ಕೈ ಬಿಟ್ಟ.

"ಥೂ ನಿನ್ನ! ಮಲಗಿದವಳ ಬೆರಳು ಕದೀತಿದೀಯಾ? ಇಷ್ಟು ದಿನ ಕೂಗಿದ್ದೆಲ್ಲ ನನ್ನ ನಂಬರಾ?"

"ಮೆಲ್ಲಗೆ ಮಾತಾಡೇ, ಗೈಡು ಕೇಳಿಸ್ಕೋತಾನೆ."

"ಕೇಳಿಸ್ಕೊಳ್ಳಲಿ! ಊರಿಗೆಲ್ಲ ಕೇಳಿಸ್ಲಿ! ಹಾಕ್ಕೋ ನಿನ್ನ ಬೆರಳಿಗೆ."

"ನನ್ನ ಬೆರಳು ತಣ್ಣಗಿರುತ್ತೆ ಕಣೇ, ಯಂತ್ರ ಸುಳ್ಳು ತೋರಿಸುತ್ತೆ. ನಾನು ಚೆನ್ನಾಗೇ ಇದೀನಿ. ಇವತ್ತೊಂದು ದಿನ ಸುಮ್ಮನಿರು ಪುಟ್ಟಿ, ನಿನ್ನ ದಮ್ಮಯ್ಯ."

"ಕಣ್ಣು?"

"ಕಣ್ಣಿಗೇನಾಗಿದೆ? ಹದ್ದಿನ ಕಣ್ಣು ನಂದು."

ಆ ಮಾತಿಗೆ ನನಗೆ ಲಾರಿ ಡ್ರೈವರ್ ನೆನಪಾದ. ಲೈಸೆನ್ಸಿಗೆ ಕಣ್ಣಿನ ಸರ್ಟಿಫಿಕೇಟು ಬೇಕೆಂದು ನಮ್ಮ ಅಂಗಡಿಗೆ ಬಂದಿದ್ದವನು. ಅವನೂ ಹದ್ದಿನ ಕಣ್ಣು ಸರ್ ಎಂದೇ ಕೂತಿದ್ದ. ಕೊನೆಯ ಸಾಲಿನವರೆಗೆ ಗಡಗಡ ಓದಿದ. ಅಣ್ಣನಿಗೆ ಯಾಕೋ ಅನುಮಾನ ಬಂತು. ಅವನ ಬೆನ್ನ ಹಿಂದೆ ಹೋಗಿ, ಸದ್ದಿಲ್ಲದೆ ಪಟ್ಟಿಯನ್ನು ಮೊಳೆಯಿಂದ ತೆಗೆದು, "ಇನ್ನೊಂದ್ಸಲ ಓದಪ್ಪ" ಎಂದ. ಆ ಮನುಷ್ಯ ಕನ್ನಡಿಯಲ್ಲಿ ಕಾಣುತ್ತಿದ್ದ ಬರಿಗೋಡೆಯನ್ನು ನೋಡುತ್ತ ಮೊದಲಿಂದ ಕೊನೆಯವರೆಗೆ ಒಂದಕ್ಷರ ತಪ್ಪದೆ ಓದಿದ. ಸತ್ಯ ಗೊತ್ತಾದಾಗ ಅತ್ತ. ಹೊಟ್ಟೆಪಾಡು ಸರ್ ಎಂದು ಕಾಲು ಹಿಡಿಯಲು ಬಂದ. "ಅತ್ರೆ ಕಣ್ಣು ಕಾಣಲ್ಲ ಕಣಯ್ಯ" ಎಂದನೇ ಹೊರತು ನಮ್ಮಣ್ಣ ಸಹಿ ಹಾಕಲಿಲ್ಲ. ನಿನಗೆ ಕರುಳಿದೆಯೋ ಇಲ್ಲವೋ ಎಂದು ಆವತ್ತು ಅವನ ಜೊತೆ ಜಗಳವಾಡಿದ್ದೆ.

ನಾನು ಟೆಂಟಿನ ಬಾಗಿಲ ಜಿಪ್ಪನ್ನು ಪೂರ್ತಿ ಎಳೆದೆ. ಎದುರಿಗೇ ಅಡುಗೆ ಟೆಂಟು. ಅದರ ಮೈಮೇಲೆ ನಮ್ಮನ್ನು ಕರೆತಂದ ಕಂಪನಿಯವರು ಮೊಳದುದ್ದದ ಅಕ್ಷರಗಳಲ್ಲಿ ಬರೆಸಿದ್ದರು. ಬಂದ ದಿನದಿಂದ ಅದನ್ನೇ ನೋಡಿ ನೋಡಿ ನಮಗೆಲ್ಲ ಬಾಯಿಪಾಠವಾಗಿತ್ತು.

"ಹದ್ದಿನ ಕಣ್ಣಲ್ವಾ? ಏನು ಬರೆದಿದೆ ಓದು."

ಅವನು ನೆಟ್ಟಗೆ ಕೂತ. ಗಂಟಲು ಸರಿಮಾಡಿಕೊಂಡ. "ಪ್ರತಿ ಹೆಜ್ಜೆಯಲ್ಲೂ ನಿಮ್ಮ ಜೊತೆ" ಎಂದು ಓದಿದ. ಕೆಳಗಿನ ಫೋನ್ ನಂಬರನ್ನೂ ಪೂರ್ತಿ ಓದಿದ. "ಸಾಕಾ? ಬಣ್ಣಾನೂ ಹೇಳ್ಬೇಕಾ?"

ಹಿಂದಿನ ಸಂಜೆ ಗಾಳಿ ಜೋರಾಗಿತ್ತೆಂದು ಅಡುಗೆಯವನು ಆ ಬರಹದ ಮೇಲೆ ನೀಲಿ ಟಾರ್ಪಾಲು ಎಳೆದು ಬಿಗಿದಿದ್ದ. ಅಲ್ಲಿ ಒಂದಕ್ಷರವೂ ಇರಲಿಲ್ಲ.

ನನ್ನ ಮೌನ ಉದ್ದವಾಯಿತು. ಅವನು ಒಮ್ಮೆ ಆ ಕಡೆ, ಒಮ್ಮೆ ನನ್ನ ಕಡೆ ತಿರುಗಿದ. ಎಷ್ಟಾದರೂ ಅದೇ ಕಸುಬಿನವನಲ್ಲವೇ, ಅವನಿಗೆ ಅರ್ಥವಾಗಿಹೋಯಿತು.

"ಖಾಲಿನಾ?" ಎಂದ.

"ಟಾರ್ಪಾಲು ಹಾಕಿದಾರೆ ಅಣ್ಣ."

ಅವನು ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. ಇಷ್ಟು ಹೊತ್ತು ಮೈಯೆಲ್ಲ ಉರಿಯುತ್ತಿದ್ದ ನನಗೆ ಆಗ ಹೆದರಿಕೆಯಾಯಿತು. ಹಗ್ಗ ಎಡವಿದ್ದಕ್ಕೆ ಬೈದದ್ದು, ಚಹಾ ಚೆಲ್ಲಿದ್ದಕ್ಕೆ ಬೈದದ್ದು ಎಲ್ಲ ಒಟ್ಟಿಗೆ ನೆನಪಾಯಿತು.

"ಅಣ್ಣ, ಅಕ್ಕ, ಆಯ್ತಾ?" ಗೈಡು ಬಿಸಿನೀರಿನ ಫ್ಲಾಸ್ಕ್ ಹಿಡಿದು ಬಾಗಿಲಲ್ಲಿ ಕೂತ.

ಅಣ್ಣ ತಡವುತ್ತ ಯಂತ್ರ ಹುಡುಕಿಕೊಂಡು ತನ್ನ ಬೆರಳಿಗೆ ತಾನೇ ಸಿಕ್ಕಿಸಿಕೊಂಡ. ನಂಬರು ಮಿನುಗಿತು, ಆರಿತು, ಮತ್ತೆ ಬಂದು ನಿಂತಿತು. ಗೈಡಿನ ಕಡೆಗೆ ಅದರ ಬೆನ್ನಿತ್ತು. ಅಣ್ಣ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದ, ಮತ್ತೆ ನೋಡಿದ. ಆಮೇಲೆ ಕೈಯನ್ನು ನನ್ನ ಮುಂದೆ ಚಾಚಿದ.

"ಎಷ್ಟು ತೋರಿಸ್ತಿದೆ ಪುಟ್ಟಿ?"

ನಾನು ಏನು ಹೇಳಿದರೂ ನಡೆಯುತ್ತಿತ್ತು. ಎಂಬತ್ತು ಎಂದಿದ್ದರೆ ಅವನು ನಂಬುತ್ತಿದ್ದ, ಗೈಡೂ ನಂಬುತ್ತಿದ್ದ. ಒಂದೂವರೆ ವರ್ಷ ಆ ಬೂಟು, ಆ ಮೆಟ್ಟಿಲು, ಆ ಲೆನ್ಸಿನ ಮೂಟೆ ಎಲ್ಲದಕ್ಕೂ ಹಲ್ಲು ಕಡಿದವಳು ನಾನು. ಈಗ ಅವನ ಚಾಚಿದ ಕೈ ನೋಡಿದರೆ ನಿಜ ಹೇಳಲು ನನಗೆ ಮನಸ್ಸು ಬರಲಿಲ್ಲ. ಡ್ರೈವರಿಗೆ ಇಲ್ಲ ಎಂದ ದಿನ ಅವನಿಗೂ ಹೀಗೇ ಆಗಿತ್ತೋ ಏನೋ.

"ಐವತ್ತೆಂಟು" ಎಂದೆ. "ಅವನಿಗೆ ಕಣ್ಣೂ ಕಾಣ್ತಿಲ್ಲ."

ಗೈಡು ಟಾರ್ಚು ಬಿಟ್ಟು ಅವನ ಕಣ್ಣು ನೋಡಿದ, ನಾಲ್ಕು ಹೆಜ್ಜೆ ನಡೆಸಿ ನೋಡಿದ. ಕೆಳಗಿನ ಕಣಿವೆ ತುಂಬ ಮೋಡವಿದ್ದುದರಿಂದ ಹೆಲಿಕಾಪ್ಟರ್ ಬರುವ ಹಾಗಿರಲಿಲ್ಲ. ಕಾಯುವುದಕ್ಕಿಂತ ನಡೆದು ಇಳಿಯುವುದೇ ಒಳ್ಳೆಯದು ಎಂದ. "ಎತ್ತರಕ್ಕೆ ಕಣ್ಣೊಳಗೆ ಹಿಂಬದಿಯಲ್ಲಿ ರಕ್ತ ಒಸರುತ್ತೆ ಅಕ್ಕ. ಇಳಿದ್ರೆ ಸಾಮಾನ್ಯವಾಗಿ ದೃಷ್ಟಿ ವಾಪಸ್ ಬರುತ್ತೆ. ಹತ್ತಿದ್ರೆ ಆಳೇ ವಾಪಸ್ ಬರಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಅಣ್ಣನ ಜೊತೆ ನಮ್ಮವನೊಬ್ಬ ಹೋಗ್ತಾನೆ. ನೀವು ಹತ್ತಬಹುದು. ತಂಡದಲ್ಲೇ ಒಳ್ಳೇ ನಂಬರು ನಿಮ್ದು" ಎಂದ.

ಅಯ್ಯೋ ನನ್ನ ಕರ್ಮವೇ! ಬೇಕೆಂದವನಿಗಿಲ್ಲ, ಬೇಡವೆಂದವಳಿಗೆ ಕರೆದು ಕರೆದು ಕೊಡುತ್ತಾರೆ.

"ಹೋಗು ಪುಟ್ಟಿ" ಎಂದ ಅಣ್ಣ. "ನನ್ನ ಬದಲು ನೋಡ್ಕೊಂಡು ಬಾ."

"ಬಾಯಿ ಮುಚ್ಚು. ಕಾಲು ಈ ಕಡೆ ಕೊಡು."

ಅವನ ಬೂಟಿನ ದಾರ ಕಟ್ಟಿದೆ. ಆ ಹಾಳು ಬೂಟು! ಗಂಟು ಸರಿಯಾಗಿ ಬೀಳಲಿಲ್ಲ, ನನ್ನ ಕಣ್ಣೂ ಮಂಜಾಗಿತ್ತು. ಬಿಚ್ಚಿ ಮತ್ತೆ ಕಟ್ಟಿದೆ.

ಇಳಿಯುವಾಗ ಗೈಡಿನ ಕಡೆಯವನು ಮುಂದೆ, ಅವನ ಹಿಂದೆ ನಾನು, ನನ್ನ ಚೀಲದ ಪಟ್ಟಿ ಹಿಡಿದುಕೊಂಡು ಅಣ್ಣ. ಹುಟ್ಟಿದಾಗಿನಿಂದ ನನ್ನ ಮುಂದೆಯೇ ನಡೆದವನು ಈಗ ಹಿಂದೆ ಬರುತ್ತಿದ್ದ. ಬಂದರೂ ಬಾಯಿಗೆ ಬಿಡುವಿಲ್ಲ.

"ತಂಡದವರು ಎಲ್ಲಿವರೆಗೆ ಹತ್ತಿದಾರೆ?"

"ಹತ್ತಿದಾರೆ ಎಲ್ಲೋ. ಕೆಳಗೆ ಕಲ್ಲಿದೆ, ಕಾಲೆತ್ತಿ ಇಡು."

"ಬಿಸಿಲು ಬಿದ್ದಿದೆಯಾ ಮೇಲೆ?"

"ಬಿದ್ದಿದೆ."

"ಯಾವ ಬಣ್ಣ?"

"ಬಿಳಿ ಅಣ್ಣ! ಮಂಜು ಇನ್ನೇನು ಹಸಿರಿರುತ್ತಾ?"

ಹಾಗೆ ಅಂದಿದ್ದಕ್ಕೆ ನನಗೇ ಹಿಂಸೆಯಾಯಿತು. ಸ್ವಲ್ಪ ದೂರ ಇಳಿದ ಮೇಲೆ ಮುಂದಿದ್ದವನು ನಿಂತು, ಈ ತಿರುವು ದಾಟಿದರೆ ಶಿಖರ ಮತ್ತೆ ಕಾಣುವುದಿಲ್ಲ ಎಂದ. ನಾನೂ ನಿಂತೆ. ಅಣ್ಣನ ಎರಡೂ ಭುಜ ಹಿಡಿದು, ಅಂಗಡಿಯಲ್ಲಿ ಗಿರಾಕಿಗಳ ಕುರ್ಚಿಯನ್ನು ಕನ್ನಡಿಯ ಕಡೆ ತಿರುಗಿಸುವಂತೆ, ಮೇಲುಗಡೆಗೆ ತಿರುಗಿಸಿದೆ.

"ನೇರ ಎದುರಿಗೇ ಇದೆ. ಸ್ವಲ್ಪ ಗಲ್ಲ ಎತ್ತು. ಹಾಂ, ಅಲ್ಲೇ."

ಅವನು ಬಹಳ ಹೊತ್ತು ನೋಡಿದ.

"ಕಾಣ್ತಿದೆ ಪುಟ್ಟಿ" ಎಂದ. "ಎಷ್ಟು ದೂರ! ನೆತ್ತಿ ಮೇಲೆ ಒಂಚೂರು ಮೋಡ, ಅಲ್ವಾ?"

ಶಿಖರದ ಮೇಲೆ ಮೋಡ ಇರಲಿಲ್ಲ. ಆಕಾಶ ತೊಳೆದಿಟ್ಟ ಹಾಗಿತ್ತು. ಬೆಳಿಗ್ಗೆ ನಿಜ ಹೇಳಿ ನನಗೆ ಸಾಕಾಗಿಹೋಗಿತ್ತು.

"ಹೂಂ" ಎಂದೆ. "ಒಂಚೂರು."

ಆಮೇಲೆ ಚೀಲದ ಪಟ್ಟಿಯನ್ನು ಮತ್ತೆ ಅವನ ಕೈಗೆ ಕೊಟ್ಟು, ಗಟ್ಟಿಯಾಗಿ ಹಿಡ್ಕೋ ಎಂದು ಗದರಿಸಿ, ಇಳಿಯತೊಡಗಿದೆ.