ನಾಲ್ಕು ಮೂಲೆಯ ಮಸಿ

ಪ್ರೋಗ್ರಾಂ ತಪ್ಪಿಲ್ಲ ಎಂದು ನಾನು ಹೇಳಿದ್ದು ಅಂದಿಗೆ ಹತ್ತನೆಯ ಸಲ. ನಮ್ಮ ಮುಖ್ಯಸ್ಥ ಸೇತುರಾಮ ಕೇಳಬೇಕಲ್ಲ!

೧೯೮೩. ಜಯನಗರದ ನಮ್ಮ ಪುಟ್ಟ ಪ್ರಯೋಗಾಲಯಕ್ಕೆ ಸಂಜೆ ನಾಲ್ಕಕ್ಕೆ ನಮ್ಮ ಕೆಲಸ ನೋಡಲು ದೆಹಲಿಯ ತಜ್ಞರು ಬರುವವರಿದ್ದರು. ವಿಮಾನದಿಂದ ತೆಗೆದ ಕೆರೆಯ ಫೋಟೊ ಮೇಲೆ ಸ್ಕ್ಯಾನರ್ ಅಡ್ಡಡ್ಡ ಪಟ್ಟೆ ಎಳೆದುಬಿಟ್ಟಿತ್ತು. ಚಿತ್ರದಲ್ಲಿ ನಿಧಾನವಾಗಿ ಬದಲಾಗುವುದೆಷ್ಟು, ಬೇಗಬೇಗ ಬದಲಾಗುವುದೆಷ್ಟು ಎಂದು ಫೂರಿಯರ್ ಎಂಬ ಗಣಿತದ ಲೆಕ್ಕ ಬೇರ್ಪಡಿಸಿ, ಚುಕ್ಕೆಗಳ ನಕ್ಷೆಯಾಗಿ ಕೊಡುತ್ತದೆ. ಅದರಲ್ಲಿ ಪಟ್ಟೆಯ ಚುಕ್ಕೆ ಹುಡುಕಿ ಅಳಿಸಿದರೆ ಫೋಟೊ ಶುದ್ಧವಾಗಬೇಕು. ಎಡ ಅಂಚಿನ ಮೇಲ್ಭಾಗದಲ್ಲಿದ್ದ ಚುಕ್ಕೆಯನ್ನು ನಾನು ಅಳಿಸಿದ್ದೆ. ಪಟ್ಟೆ ಮಾಸಿತೇ ಹೊರತು ಹೋಗಲಿಲ್ಲ.

"ಪುಸ್ತಕ ನೋಡ್ರೀ ಸರ್ವಮಂಗಳಾ," ಎಂದರು ಸೇತುರಾಮ. "ಅಲ್ಲಿ ಮಸಿ ಎಲ್ಲಾ ಮಧ್ಯದಲ್ಲಿದೆ. ನಿಮ್ಮ ಪ್ರಿಂಟ್‌ಔಟಲ್ಲಿ ಮಸಿ ನಾಲ್ಕು ಮೂಲೇಲಿ, ಮಧ್ಯ ಬೋಳು! ನಾಲ್ಕು ಗಂಟೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಈ ಕೆಲಸ ಇಲ್ಲಿಗೇ ನಿಲ್ಲಿಸ್ತೀನಿ."

ಎರಡು ವರ್ಷದ ಕೆಲಸ! ಮೈ ಉರಿದುಹೋಯಿತು. ಬಾಗಿಲು ದಡಾರನೆ ಎಳೆದು ವರಾಂಡಕ್ಕೆ ಬಂದೆ. ಅಲ್ಲಿ ಗಾರೆ ಕೆಲಸದ ಪಿಳ್ಳಣ್ಣ ನೆಲಕ್ಕೆ ಟೈಲ್ಸ್ ಹಾಕುತ್ತಿದ್ದ.

"ಅಕ್ಕಾ, ತುಳೀಬೇಡಿ, ಇನ್ನೂ ಹಸಿ ಐತೆ."

ಒಂದೊಂದು ಟೈಲ್ಸ್‌ನ ನಾಲ್ಕು ಮೂಲೆಯಲ್ಲೂ ಕಾಲು ಕಾಲು ಹೂವು, ನಡುವೆ ಖಾಲಿ.

"ಇದೇನಪ್ಪಾ, ಮಧ್ಯದಲ್ಲಿ ಹೂವಿರೋದು ಸಿಗಲಿಲ್ವಾ?" ಎಂದು ಅವನ ಮೇಲೆ ಕೋಪ ತೀರಿಸಿಕೊಂಡೆ.

"ಒಂದನ್ನೇ ನೋಡಿದ್ರೆ ಹೆಂಗಕ್ಕಾ? ನಾಲ್ಕು ಕೂಡಿಸ್ಬೇಕು," ಎನ್ನುತ್ತಾ ನಾಲ್ಕನೆಯದನ್ನು ಒತ್ತಿ ಕೂರಿಸಿದ. ನಾಲ್ಕೂ ಸೇರಿದ ಕಡೆ ಇಡೀ ಹೂವು ಅರಳಿತ್ತು.

ನಾನು ಒಳಗೆ ಓಡಿದೆ. ಅದೇ ಪ್ರಿಂಟ್‌ಔಟ್‌ನ ನಾಲ್ಕು ಪ್ರತಿ ತೆಗೆದು, ನೆಲದ ಮೇಲೆ ಅಂಚಿಗೆ ಅಂಚು ಕೂಡಿಸಿದೆ. ಮಸಿಯೆಲ್ಲ ನಡುವಿಗೆ ಬಂತು, ಥೇಟ್ ಪುಸ್ತಕದ ಚಿತ್ರ! ಪುಸ್ತಕದವರು ಕೂಡಿಸಿ ತೋರಿಸಿದ್ದನ್ನು ಕಂಪ್ಯೂಟರ್ ಕೂಡಿಸದೆ ಕೊಟ್ಟಿತ್ತು, ಅಷ್ಟೇ. ನಡುವಿನಿಂದ ಮೇಲೊಂದು, ಕೆಳಗೊಂದು, ಸರಿಸಮ ದೂರದಲ್ಲಿ ಎರಡು ಚುಕ್ಕೆ. ಒಂದೇ ಪಟ್ಟೆಯ ಜೋಡಿ ಚುಕ್ಕೆ! ಬಿಡಿ ಹಾಳೆಯಲ್ಲಿ ಎರಡನೆಯದು ಎಲ್ಲೋ ಎಡ ಅಂಚಿನ ತಳದಲ್ಲಿತ್ತು. ಬೇರೇನೋ ಎಂದುಕೊಂಡು ಬಿಟ್ಟಿದ್ದೆ. ನನ್ನ ದಡ್ಡತನಕ್ಕೆ ನಾನೇ ನಕ್ಕೆ.

ಎರಡನ್ನೂ ಅಳಿಸಿದೆ. ಯಂತ್ರ ಇಪ್ಪತ್ತು ನಿಮಿಷ ಗುರುಗುಟ್ಟಿತು. ಪ್ರಿಂಟರ್ ಸಾಲು ಸಾಲಾಗಿ ಕೆರೆಯನ್ನು ಹೊರಗೆ ತಂದಿತು: ಏರಿ, ತೂಬು, ಅಂಚಿನ ಕಾಲುದಾರಿ. ಒಂದೇ ಒಂದು ಪಟ್ಟೆ ಇಲ್ಲ!

ಅಷ್ಟರಲ್ಲಿ ತಜ್ಞರು ಬಂದೇಬಿಟ್ಟರು. ನೆಲದ ಹಾಳೆಗಳನ್ನು ಸುತ್ತುವರಿದು, ಇದರ ಅರ್ಥವೇನೆಂದು ಸೇತುರಾಮರನ್ನು ಕೇಳಿದರು. ಸೇತುರಾಮ ಹಾಳೆ ನೋಡಿದರು, ಕೆರೆ ನೋಡಿದರು, ನನ್ನನ್ನು ನೋಡಿದರು. ಅವರಿಗೆ ಕೊಡಬೇಕಾದ ಖಾರದ ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು.

"ಇದು ತಪ್ಪು ಅಂತಿದ್ದೆ ನಾನು," ಎಂದು ಅವರೇ ಪಕ್ಕಕ್ಕೆ ಸರಿದರು. "ನನಗೆ ತಿಳೀಲಿಲ್ಲ. ಮಾಡಿದ್ದು ಇವರು, ಇವರನ್ನೇ ಕೇಳಿ."

ಖಾರವೆಲ್ಲ ಕರಗಿತು. ನೆಲದ ಮೇಲೆ ಕೂತು, ಬೆರಳನ್ನು ನಟ್ಟನಡುವಿನ ಮಸಿಯ ಮೇಲಿಟ್ಟು ಹೇಳತೊಡಗಿದೆ.