ಸಾಕ್ಷಿಯ ರುಜು

ಆ ಪ್ರಯೋಗಾಲಯದಲ್ಲಿ ದಾಖಲೆ ಪುಸ್ತಕದ ಹಾಳೆ ಹರಿಯುವಂತಿರಲಿಲ್ಲ. ಪ್ರತಿ ಪುಟದ ಕೆಳಗೆ ಕಣ್ಣಾರೆ ಕಂಡವರೊಬ್ಬರು ರುಜು ಹಾಕಬೇಕಿತ್ತು. ಇಪ್ಪತ್ತೆಂಟು ವರ್ಷದಿಂದ ಆ ರುಜು ಹಾಕುತ್ತಿದ್ದವನು ತಟ್ಟೆಗಳಲ್ಲಿ ಜೀವಕೋಶಗಳನ್ನು ಸಾಕುವ ಮುದುಕ. ಈಗ ಅಲ್ಲಿನ ಮುಖ್ಯಸ್ಥ ಅವನ ಅಳಿಯನೇ. ನರಗಳು ಸೊರಗುವ ಕಾಯಿಲೆಯಿಂದ ಮುದುಕನ ಮಗಳು ತೀರಿಕೊಂಡ ಮೇಲೆ ಇಬ್ಬರೂ ಮುಖ ಕೊಟ್ಟು ಮಾತಾಡಿರಲಿಲ್ಲ.

ಅಳಿಯ ಪುಸ್ತಕವನ್ನು ಮೇಜಿನ ಮೇಲೆ ಎಸೆದ.

"ರುಜು ಹಾಕಿ ಮಾವ. ನನ್ನ ಹೊಸ ಔಷಧಕ್ಕೆ ಇಲಿಯ ಮೂಳೆಮಜ್ಜೆಯ ಕಾಂಡಕೋಶಗಳು ಐದೇ ಗಂಟೇಲಿ ನರಕೋಶ ಆಗಿವೆ. ನಾಳೆ ಸಂಜೆ ಸಭೇಲಿ ಹೇಳ್ತೀನಿ."

ಮುದುಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಬೆಳಿಗ್ಗೆ ತಟ್ಟೆಗೆ ಚಪ್ಪಟೆಯಾಗಿ ಅಂಟಿಕೊಂಡಿದ್ದ ಕೋಶಗಳು ಗುಂಡಗಾಗಿ, ನೂಲಿನಂಥ ಕೈ ಚಾಚಿದ್ದವು.

"ಐದು ಗಂಟೇಲಿ ನರ ಬೆಳೆಯೋದಾದ್ರೆ ತಾಯಿ ಒಂಬತ್ತು ತಿಂಗಳು ಯಾಕೆ ಹೊರಬೇಕು, ಅಳಿಯಂದಿರೇ?"

"ತಟ್ಟೆ ತೊಳೆಯೋರು ತಟ್ಟೆ ತೊಳೀರಿ. ಈ ಔಷಧಕ್ಕೆ ಅವಳ ಹೆಸರಿಟ್ಟಿದೀನಿ. ಅದಕ್ಕೂ ಹೊಟ್ಟೆಕಿಚ್ಚಾ?"

ಪುಟದ ತಲೆಯಲ್ಲಿ ಮಗಳ ಹೆಸರಿತ್ತು. ಮುದುಕ ಅದರ ಮೇಲೆ ಬೆರಳಾಡಿಸಿದ. ರುಜು ಮಾತ್ರ ಹಾಕಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಔಷಧವನ್ನು ಅಷ್ಟೇ ಅಳತೆಯಲ್ಲಿ ಚರ್ಮದ ಕೋಶಗಳ ತಟ್ಟೆಗೆ ಹಾಕಿದ. ಕಾಂಡಕೋಶವಾದರೆ ಬೇರೆ ಕೋಶವಾಗಿ ಬೆಳೆಯಬಲ್ಲದು; ಚರ್ಮ ಎಂದಾದರೂ ನರವಾದೀತೇ? 'ದೇವರೇ, ನನ್ನದೇ ತಪ್ಪಾಗಲಿ, ಅವಳ ಹೆಸರು ಉಳಿಯಲಿ' ಎಂದು ಕೈಮುಗಿದು ಕೂತ. ಮಧ್ಯಾಹ್ನದ ಹೊತ್ತಿಗೆ ಅವೂ ಕೈ ಚಾಚಿದ್ದವು.

ಅಳಿಯನನ್ನು ಕರೆದು ತೋರಿಸಿದ.

"ನರಕೋಶವೇ! ಇನ್ನೇನು ಅನುಮಾನ ನಿಮಗೆ?"

"ಇದು ಚರ್ಮದ ತಟ್ಟೆ."

ಅಳಿಯನ ಮುಖ ಬಿಳುಚಿಕೊಂಡಿತು.

"ಅವು ಕೈ ಚಾಚ್ತಿಲ್ಲ. ಔಷಧದ ಉರಿಗೆ ಮೈ ಮುದುಡ್ಕೊಳ್ತಿವೆ. ತಟ್ಟೆಗೆ ಅಂಟಿದ ಕಡೆ ಮಾತ್ರ ಎಳೆ ಉಳಿದಿದೆ. ಸಾಯ್ತಿವೆ."

"ಬಾಯಿ ಮುಚ್ಚಿಕೊಂಡು ರುಜು ಹಾಕಿ. ಇಲ್ಲಾ ಬೀಗದ ಕೈ ಇಟ್ಟು ಹೊರಡಿ."

"ಅವಳೂ ಕೊನೇ ದಿನ ಹೀಗೇ ಕೈ ಆಡಿಸಿದ್ಲು. ವಾಸಿ ಆಗ್ತಿದಾಳೆ, ನೀವು ಮನೆಗೆ ಹೋಗಿ ಅಂತ ನೀನೇ ಅಂದೆ. ನಿನ್ನ ಮಾತು ನಂಬಿ ಹೋದೆನಲ್ಲೋ! ಕೊನೇ ಗುಟುಕು ನೀರು ಹಾಕೋಕೂ ನಾನಿರಲಿಲ್ಲ."

ಅಳಿಯ ಪುಸ್ತಕಕ್ಕೆ ಕೈ ಹಾಕಿದ. ಮುದುಕ ಅದನ್ನು ಎದೆಗವಚಿಕೊಂಡು ಕಿಟಕಿಯ ಬಳಿಗೆ ಹೋದ. ಪುಟದ ಕೆಳಗೆ ನಿಧಾನವಾಗಿ ಬರೆದ: 'ಇದೇ ಔಷಧಕ್ಕೆ ಚರ್ಮದ ಕೋಶಗಳೂ ಹೀಗೇ ಮುದುಡಿದವು. ಕಣ್ಣಾರೆ ಕಂಡಿದ್ದೇನೆ.' ರುಜು ಹಾಕಿದ.

ತಪ್ಪನ್ನು ಅಲ್ಲಿ ಅಳಿಸುವ ಪದ್ಧತಿಯಿಲ್ಲ. ಕೆಳಗಿನ ಅಕ್ಷರ ಕಾಣುವಂತೆ ಒಂದೇ ಗೆರೆ ಎಳೆಯಬೇಕು. ಮಗಳ ಹೆಸರಿನ ಮೇಲೆ ಆ ಒಂದು ಗೆರೆ ಎಳೆದು, ಬೀಗದ ಕೈಯನ್ನು ತೆರೆದ ಪುಟದ ಮೇಲಿಟ್ಟು ಹೊರನಡೆದ.